ಕೂಪನ್ ಮೇಲೆ ಕಾರ್ಡ್ ಆಫರ್ ಸಿಗುತ್ತದಾ?

ಓಣಂ ಸೇಲಿನಲ್ಲಿ ಮಿಕ್ಸಿಗೆ ಎರಡು ರಿಯಾಯಿತಿ ಒಟ್ಟಿಗೆ ಸಿಗುತ್ತದಾ ಅಂತ ಕೇಳಿದ್ದೀರಿ. ಕೂಪನ್ ಕೋಡ್ ಸಾಮಾನ್ಯವಾಗಿ ಒಂದೇ ಹಿಡಿಯುತ್ತದೆ. ಆದರೆ ಬ್ಯಾಂಕ್ ಕಾರ್ಡಿನ ಆಫರ್ ಹಣ ಕಟ್ಟುವಾಗ ಬರುವುದು, ಹಾಗಾಗಿ ಎರಡೂ ಸಿಗುವುದುಂಟು. ಕನಿಷ್ಠ ಮೊತ್ತ ಮಾತ್ರ ನೋಡಿಕೊಳ್ಳಿ. ಕಳೆದ ಸಲ ಕುಂಬಳೆಯ ಅಕ್ಕನಿಗೆ 3,100 ರೂಪಾಯಿಯ ಕುಕ್ಕರ್ ತೆಗೆಯುವಾಗ 200ರ ಕೂಪನ್ ಹಾಕಿದೆ. ಬಿಲ್ಲು 2,900ಕ್ಕೆ ಇಳಿಯಿತು. 3,000ದ ಮೇಲಿದ್ದರೆ ಮಾತ್ರ ಇದ್ದ 10% ಕಾರ್ಡ್ ಆಫರ್ ಮಾಯ! ಕೂಪನ್ ತೆಗೆದು ಹಾಕಿದೆ, 310 ಉಳಿಯಿತು. ಸುಮ್ನೆ 200ರ ಆಸೆಗೆ ಬಿದ್ದಿದ್ದೆ.

ಊರಿನ ಅಂಗಡಿಯಲ್ಲಿ ತೆಗೆಯುವಾಗ 10% ಮತ್ತು 200 ರೂಪಾಯಿ, ಹೀಗೆ ಎರಡೂ ರಿಯಾಯಿತಿ ಇದ್ದರೆ ಮೊದಲು 10% ಕಳೆಯಲು ಹೇಳಿ, ಆಮೇಲೆ 200. ಆಗ 2,000ದ ಮಿಕ್ಸಿ 1,600ಕ್ಕೆ ಬರುತ್ತದೆ. ತಿರುಗಿಸಿದರೆ 1,620. ಒಂದು ಚಾದ ದುಡ್ಡು ಜಾಸ್ತಿ, ಅಲ್ವಾ?