ಮಾಲ್ಡೀವ್ಸ್‌ನ ದೂರದ ದ್ವೀಪವೊಂದಕ್ಕೆ ಇಂಗ್ಲಿಷ್ ಶಿಕ್ಷಕಿಯಾಗಿ ಒಬ್ಬಳೇ ಹೋಗಬಹುದೇ?

ನೀವು ಇಂಗ್ಲಿಷ್ ಎಂ.ಎ. ಮತ್ತು ಬಿ.ಎಡ್. ಮುಗಿಸಿ ಕೆಲವು ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದ್ದೀರಿ, ಈಗ ಮಾಲ್ಡೀವ್ಸ್‌ನ ಉತ್ತರ ಭಾಗದ ಶಾಲೆಯೊಂದರಿಂದ ಕರೆ ಬಂದಿದೆ ಎಂದು ಬರೆದಿದ್ದೀರಿ. ಒಬ್ಬಳೇ ಹೋಗುವುದು ಸರಿಯೇ, ಸಸ್ಯಾಹಾರಿಗೆ ಅಲ್ಲಿ ಊಟಕ್ಕೇನು, ಪಾಠದ ಕೆಲಸ ಹೇಗಿರುತ್ತದೆ ಎಂದು ಕೇಳಿದ್ದೀರಿ. ಅದೇ ಭಾಗದ ಸಣ್ಣ ದ್ವೀಪವೊಂದರಲ್ಲಿ ನಾನು ಕೆಲವು ವರ್ಷ ಇಂಗ್ಲಿಷ್ ಕಲಿಸಿದ್ದೇನೆ. ಕಲಿಸುವ ಕೆಲಸದಲ್ಲಿ ನಿಮಗೆ ನಿಜವಾದ ಆಸೆಯಿದ್ದರೆ ಹೋಗಿ ಎಂದೇ ಹೇಳುತ್ತೇನೆ. ಆದರೆ ಕರಾರಿಗೆ ಸಹಿ ಹಾಕುವ ಮೊದಲು ಸಂಬಳಕ್ಕಿಂತ ಹೆಚ್ಚಾಗಿ ಯಾವ ದ್ವೀಪ ಎಂಬುದನ್ನು ವಿಚಾರಿಸಿಕೊಳ್ಳಿ, ಏಕೆಂದರೆ ನಿಮ್ಮ ಬದುಕಿನ ಬಹುಪಾಲನ್ನು ನಿರ್ಧರಿಸುವುದು ದೇಶವಲ್ಲ, ಆ ದ್ವೀಪ.

ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಚಾಚಿಕೊಂಡಿರುವ ಆ ದೇಶದಲ್ಲಿ ಸುಮಾರು 1,200 ಹವಳದ ದ್ವೀಪಗಳಿದ್ದು, ಊರುಗಳಿರುವ ದ್ವೀಪಗಳು 200ಕ್ಕಿಂತ ಕಡಿಮೆ. ಕೆಲವು ದ್ವೀಪಗಳಲ್ಲಿ ಎಂಟು ಹತ್ತು ಸಾವಿರ ಜನರಿದ್ದಾರೆ, ಇನ್ನು ಕೆಲವದರಲ್ಲಿ ಐನೂರು ಜನರೂ ಇಲ್ಲ. ಜಾಹೀರಾತಿನಲ್ಲಿ ಕಾಣುವ ರೆಸಾರ್ಟುಗಳು ಪ್ರತ್ಯೇಕ ದ್ವೀಪಗಳಲ್ಲಿರುವುದರಿಂದ ಶಿಕ್ಷಕರ ದಿನಚರಿಗೂ ಅವುಗಳಿಗೂ ಸಂಬಂಧವಿಲ್ಲ. ಸಣ್ಣ ದ್ವೀಪವನ್ನು ಈ ತುದಿಯಿಂದ ಆ ತುದಿಗೆ ಅರ್ಧ ಗಂಟೆಯೊಳಗೆ ನಡೆದು ಮುಗಿಸಬಹುದು. ಶಿಕ್ಷಕಿ ಅಂಗಡಿಯಲ್ಲಿ ಏನು ಕೊಂಡಳು, ಎಷ್ಟು ಹೊತ್ತಿಗೆ ದೀಪ ಆರಿಸಿದಳು ಎಂಬುದು ಊರಿಗೆಲ್ಲ ತಿಳಿದಿರುತ್ತದೆ. ಒಬ್ಬಳೇ ಇರುವ ಹೆಣ್ಣುಮಗಳಿಗೆ ಇದು ಮೊದಲ ತಿಂಗಳುಗಳಲ್ಲಿ ಕಷ್ಟವೆನಿಸಬಹುದಾದರೂ, ಜ್ವರ ಬಂದು ಮಲಗಿದ ದಿನ ಪಕ್ಕದ ಮನೆಯವರು ಕರೆಯದೆಯೇ ಬಂದು ವಿಚಾರಿಸುವುದೂ ಇದೇ ಕಾರಣಕ್ಕೆ. ರಾತ್ರಿ ನಡೆದುಹೋಗಲು ನಾನು ಅಲ್ಲಿ ಎಂದೂ ಹೆದರಲಿಲ್ಲ.

ಪಾಠದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿ 1960ರ ದಶಕದಿಂದ ಇಂಗ್ಲಿಷ್ ಮಾಧ್ಯಮ ಬೆಳೆದುಬಂದಿದ್ದು, ಅಲ್ಲಿಯವರ ಮಾತೃಭಾಷೆ ದಿವೇಹಿ ಮತ್ತು ಇಸ್ಲಾಂ ಧರ್ಮದ ಪಾಠಗಳನ್ನು ಬಿಟ್ಟರೆ ಉಳಿದ ವಿಷಯಗಳನ್ನೆಲ್ಲ ಮುಖ್ಯವಾಗಿ ಇಂಗ್ಲಿಷಿನಲ್ಲೇ ಕಲಿಸುತ್ತಾರೆ. ಹತ್ತನೆಯ ತರಗತಿಯ ಕೊನೆಗೆ ಮಕ್ಕಳು ಬರೆಯುವುದು ಬ್ರಿಟನ್ನಿನ ಕೇಂಬ್ರಿಜ್ ಸಂಸ್ಥೆಯ ಪರೀಕ್ಷೆ. ಆದ್ದರಿಂದ ಇಂಗ್ಲಿಷ್ ಶಿಕ್ಷಕಿ ಸೋತರೆ ಗಣಿತ, ವಿಜ್ಞಾನದವರೂ ಸೋಲುತ್ತಾರೆ. ನಾನು ಕಂಡಂತೆ ಮಕ್ಕಳ ಮಾತಿನ ಇಂಗ್ಲಿಷ್ ಚೆನ್ನಾಗಿರುತ್ತದೆ, ಅದು ಕಾರ್ಟೂನ್, ಯೂಟ್ಯೂಬ್, ಆನ್‌ಲೈನ್ ಆಟಗಳಿಂದ ಬಂದದ್ದು. ರೆಸಾರ್ಟಿನಲ್ಲಿ ದುಡಿಯುವ ಅಪ್ಪ, ಚಿಕ್ಕಪ್ಪಂದಿರಿಂದಲೂ ಒಂದಿಷ್ಟು ಬರುತ್ತದೆ. ಆದರೆ ಬರೆಯಲು ಕುಳಿತರೆ ಅದೇ ಮಗು ಮೂರು ವಾಕ್ಯಕ್ಕೆ ಪೆನ್ನು ಕೆಳಗಿಡುತ್ತದೆ. ಈ ಅಂತರವನ್ನು ತುಂಬುವುದೇ ನಿಮ್ಮ ನಿಜವಾದ ಕೆಲಸ ಎಂದು ತಿಳಿದುಕೊಂಡು ಹೋಗಿ.

ಇಲ್ಲಿ ಕನ್ನಡಿಗರಿಗೊಂದು ಅನುಕೂಲವಿದೆ. ದಿವೇಹಿ ಸಿಂಹಳಕ್ಕೆ ಹತ್ತಿರವಾದ, ಬೇರೆ ಕುಟುಂಬದ ಭಾಷೆಯಾದರೂ ಅದರ ವಾಕ್ಯದಲ್ಲಿ ಕ್ರಿಯಾಪದ ಕೊನೆಗೇ ಬರುತ್ತದೆ, ವಿಭಕ್ತಿ ಪ್ರತ್ಯಯಗಳು ನಮ್ಮಲ್ಲಿಯಂತೆಯೇ ಪದದ ತುದಿಗೆ ಸೇರುತ್ತವೆ. ಇನ್, ಆನ್, ಅಟ್‌ಗಳಲ್ಲಿ ನಮ್ಮ ಹಳ್ಳಿಯ ಮಕ್ಕಳು ಎಡವುವ ಜಾಗದಲ್ಲೇ ಅಲ್ಲಿಯವರೂ ಎಡವುವುದರಿಂದ, ತಪ್ಪು ಎಲ್ಲಿಂದ ಬಂತೆಂದು ನಿಮಗೆ ಬೇಗ ಗೊತ್ತಾಗುತ್ತದೆ. ಲಿಪಿಯ ಸಂಗತಿ ಮಾತ್ರ ಬೇರೆ. ಅವರ ತಾನ ಲಿಪಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಚಿಕ್ಕ ತರಗತಿಯ ಮಕ್ಕಳು ಒಂದು ಗಂಟೆ ಆ ದಿಕ್ಕಿಗೆ ಬರೆದು, ಮುಂದಿನ ಗಂಟೆ ನಿಮ್ಮ ಪಾಠದಲ್ಲಿ ಈ ದಿಕ್ಕಿಗೆ ತಿರುಗಬೇಕು. ಅಕ್ಷರ ತಿರುಗಿಸಿ ಬರೆದ ಮಗುವನ್ನು ದಡ್ಡನೆಂದು ತಿಳಿಯಬಾರದು.

ಬರವಣಿಗೆಗೆ ನನಗೆ ನಿಜವಾಗಿ ಕೈಹಿಡಿದದ್ದು ಸಮುದ್ರ. ಹಿಮ, ರೈಲು, ಮೃಗಾಲಯಗಳ ಬಗ್ಗೆ ಪ್ರಬಂಧ ಬರೆಯಿರಿ ಎಂದರೆ ಸುಮ್ಮನೆ ಕೂರುತ್ತಿದ್ದ ಎಂಟನೆಯ ತರಗತಿಯ ಹುಡುಗರಿಗೆ, ಸೂರೆ ಮೀನು (ಟ್ಯೂನಾ) ಹಿಡಿಯುವ ಕ್ರಮವನ್ನು ಹಂತಹಂತವಾಗಿ ವಿವರಿಸಿ ಎಂದು ಹೇಳಿದೆ. ಅಲ್ಲಿಯವರು ಆ ಮೀನನ್ನು ಬಲೆಯಿಂದಲ್ಲ, ಗಾಳದ ಕೋಲಿನಿಂದ ಒಂದೊಂದಾಗಿ ಎತ್ತುತ್ತಾರೆ. ಮೊದಲು ಹವಳದ ದಿಬ್ಬಗಳ ಬಳಿ ಸಣ್ಣ ಮೀನುಗಳನ್ನು ಹಿಡಿದು, ದೋಣಿಯ ತಳದ ತೊಟ್ಟಿಯಲ್ಲಿ ಸಮುದ್ರದ ನೀರು ಹರಿಯುವಂತೆ ಮಾಡಿ ಅವುಗಳನ್ನು ಜೀವಂತವಾಗಿ ಇಟ್ಟುಕೊಳ್ಳುತ್ತಾರೆ. ಮುಂದೆ ಸೂರೆ ಮೀನಿನ ಹಿಂಡು ಕಂಡಾಗ ಆ ಸಣ್ಣ ಮೀನುಗಳನ್ನು ಎರಚಿ, ನೀರನ್ನು ಚಿಮುಕಿಸಿ ಹಿಂಡನ್ನು ದೋಣಿಯ ಬಳಿಗೆ ಸೆಳೆಯುತ್ತಾರೆ. ಅಪ್ಪ, ಅಜ್ಜಂದಿರಿಂದ ಇದನ್ನೆಲ್ಲ ತಿಳಿದಿದ್ದ ಹುಡುಗರು ಪುಟ ತುಂಬ ಬರೆದರು, ಕರ್ಮಣಿ ಪ್ರಯೋಗವೂ ಕಾಲಸೂಚಕ ಪದಗಳೂ ತಾವಾಗಿಯೇ ಬೇಕಾದವು. ಇನ್ನೊಮ್ಮೆ ಹಿರಿಯರನ್ನು ಮಾತನಾಡಿಸಿ ನಕೈಗಳ ಬಗ್ಗೆ ಬರೆದು ತರಲು ಹೇಳಿದೆ. ವರ್ಷವನ್ನು ಹದಿಮೂರು ಹದಿನಾಲ್ಕು ದಿನಗಳ 27 ಭಾಗಗಳಾಗಿ ಮಾಡಿ ಗಾಳಿ, ಮಳೆ, ಮೀನುಗಳನ್ನು ಅಂದಾಜು ಮಾಡುವ ಪದ್ಧತಿ ಅದು. ಅಸ್ಸಿದ, ಬುರುನು, ಕೆತಿ, ರೋನು ಎಂದು ಮಕ್ಕಳು ಓದುತ್ತಾ ಹೋದಂತೆ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳನ್ನು ಎಣಿಸುವ ನಮ್ಮ ರೈತರು ನೆನಪಾಗಿ ನನಗೆ ತುಂಬ ಸಂತೋಷವಾಯಿತು. ಪಠ್ಯಪುಸ್ತಕವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಮಗುವಿಗೆ ಹೇಳಲು ವಿಷಯವಿರುವಾಗ ಮಾತ್ರ ಭಾಷೆ ಹೊರಬರುತ್ತದೆ ಎಂಬುದನ್ನು ಅಲ್ಲಿ ನಾನು ದಿನವೂ ಕಂಡೆ. ಹೆಚ್ಚಿನ ಓದಿಗಾಗಿ ಅನೇಕ ಮಕ್ಕಳು ಊರು ಬಿಟ್ಟು ರಾಜಧಾನಿ ಮಾಲೆಗೆ ಹೋಗುತ್ತಾರೆ, ಅಲ್ಲಿ ಅವರ ಕೈಹಿಡಿಯುವುದೂ ಈ ಬರವಣಿಗೆಯೇ.

ಊಟದ ವಿಷಯದಲ್ಲಿ ಸ್ವಂತ ಅಡುಗೆಯೇ ದಾರಿ. ಅಲ್ಲಿ ಮೀನಿಲ್ಲದ ಊಟವನ್ನು ಊಟವೆಂದೇ ಎಣಿಸುವುದಿಲ್ಲ, ಬೆಳಗಿನ ತಿಂಡಿಯಲ್ಲೂ ತೆಂಗಿನ ತುರಿಯೊಡನೆ ಮೀನು ಬೆರೆತಿರುತ್ತದೆ. ಅಕ್ಕಿ, ಹಿಟ್ಟು, ಸಕ್ಕರೆ, ಬೇಳೆ, ಈರುಳ್ಳಿ, ಆಲೂಗಡ್ಡೆ ಅಂಗಡಿಯಲ್ಲಿ ಸಿಗುತ್ತವೆ. ತೆಂಗು, ದೀವಿಹಲಸು, ಕುಂಬಳ, ಪರಂಗಿ ಊರಿನಲ್ಲೇ ಬೆಳೆಯುತ್ತವೆ. ಉಳಿದ ತರಕಾರಿ ಮಾಲೆಯಿಂದ ಸರಕಿನ ದೋಣಿಯಲ್ಲಿ ಬರಬೇಕಾದ್ದರಿಂದ, ದೋಣಿ ಬಂದ ದಿನವೇ ಅಂಗಡಿಗೆ ಹೋಗಿ. ಹುಣಸೆಹಣ್ಣು, ಸಾರಿನ ಪುಡಿ, ಇಂಗು ಮನೆಯಿಂದ ಒಯ್ಯಿರಿ. ಕುಡಿಯಲು ತೊಟ್ಟಿಯಲ್ಲಿ ಹಿಡಿದ ಮಳೆನೀರು ಅಥವಾ ಉಪ್ಪು ತೆಗೆದ ಸಮುದ್ರದ ನೀರನ್ನು ಬಳಸುತ್ತಾರೆ. ನೆಲದಡಿಯ ಸಿಹಿನೀರು ತೆಳುವಾದ ಪದರವಷ್ಟೇ, 2004ರ ಡಿಸೆಂಬರ್ 26ರ ಸುನಾಮಿ ಹಲವು ದ್ವೀಪಗಳಲ್ಲಿ ಅದನ್ನೂ ಉಪ್ಪಾಗಿಸಿತು.

ಮಾಲ್ಡೀವ್ಸ್ ಇಸ್ಲಾಂ ಧರ್ಮದ ದೇಶವಾಗಿದ್ದು, ಬೇರೆ ಧರ್ಮದವರು ಬಹಿರಂಗವಾಗಿ ಪೂಜೆ ಮಾಡುವಂತಿಲ್ಲ, ಪೂಜೆಯ ವಿಗ್ರಹಗಳನ್ನು ಕಸ್ಟಮ್ಸ್‌ನಲ್ಲಿಯೇ ತಡೆಯುತ್ತಾರೆ. ದೇವರ ಮುಂದೆ ದೀಪ ಹಚ್ಚದೆ ದಿನ ಆರಂಭಿಸಲಾರೆ ಎನ್ನುವವರು ಇದನ್ನು ಮೊದಲೇ ಯೋಚಿಸಬೇಕು. ರಂಜಾನ್ ತಿಂಗಳಲ್ಲಿ ಹಗಲು ಇತರರ ಎದುರು ನೀರನ್ನೂ ಕುಡಿಯಬಾರದು. ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಮೈ ಮುಚ್ಚುವ ಸಡಿಲವಾದ ಚೂಡಿದಾರ ಸಾಕು.

ನಿಮ್ಮ ದ್ವೀಪದ ಬಗ್ಗೆ ಕೇಳಲೇಬೇಕಾದದ್ದು ಆಸ್ಪತ್ರೆಯ ಸಂಗತಿ. ಊರಿನಲ್ಲಿ ಆರೋಗ್ಯ ಕೇಂದ್ರವಿರುತ್ತದೆ, ಆದರೆ ಸ್ಕ್ಯಾನಿಂಗ್, ಶಸ್ತ್ರಚಿಕಿತ್ಸೆಗಳಿಗೆ ದೊಡ್ಡ ದ್ವೀಪಕ್ಕೆ ಹೋಗಬೇಕು. ಉತ್ತರದವರಿಗೆ ಅದು ಸಾಮಾನ್ಯವಾಗಿ ಕುಳುದುಫ್ಫುಶಿ. ಅಲ್ಲಿಗೆ ಎಷ್ಟು ಹೊತ್ತಿನ ದಾರಿ, ನೈಋತ್ಯ ಮಾರುತದ ತಿಂಗಳುಗಳಲ್ಲಿ ಕಡಲು ಕೆರಳಿ ದೋಣಿ ನಿಂತಾಗ ಏನು ಮಾಡುತ್ತಾರೆ ಎಂದು ವಿಚಾರಿಸಿ. ನಿತ್ಯ ಔಷಧಿ ತೆಗೆದುಕೊಳ್ಳುವವರಾದರೆ ವೈದ್ಯರ ಚೀಟಿಯೊಂದಿಗೇ ಒಯ್ಯಿರಿ, ಅಲ್ಲಿಯ ಮಾದಕವಸ್ತು ಕಾನೂನು ಬಹಳ ಬಿಗಿಯಾಗಿದೆ.

ಹಣದ ಲೆಕ್ಕವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಅಲ್ಲಿಯ ಹಣ ರುಫಿಯಾ; ಅಧಿಕೃತವಾಗಿ ಒಂದು ಡಾಲರಿಗೆ 15.42 ರುಫಿಯಾದವರೆಗೆ ದರವಿದ್ದರೂ ಆ ದರಕ್ಕೆ ಬೇಕಾದಷ್ಟು ಡಾಲರ್ ಸಿಗುವುದಿಲ್ಲ, ಹೊರಗೆ ಅದಕ್ಕಿಂತ ಹೆಚ್ಚು ತೆರಬೇಕಾಗುತ್ತದೆ. ಆದ್ದರಿಂದ ರುಫಿಯಾದಲ್ಲಿ ಬರುವ ಸಂಬಳವನ್ನು ಅಧಿಕೃತ ದರದಲ್ಲಿ ರೂಪಾಯಿಗೆ ಪರಿವರ್ತಿಸಿ ಮನೆಯ ಸಾಲದ ಕಂತನ್ನು ನಿರ್ಧರಿಸಬೇಡಿ. ಮನೆಗೆ ಹಣ ಕಳುಹಿಸುವುದು ಹೇಗೆಂದು ಅದೇ ಶಾಲೆಯಲ್ಲಿ ಈಗ ಕೆಲಸ ಮಾಡುತ್ತಿರುವ ಭಾರತೀಯ ಶಿಕ್ಷಕರೊಬ್ಬರನ್ನು ಫೋನಿನಲ್ಲಿ ಕೇಳಿ, ಶಾಲೆಯವರು ಅವರ ಸಂಪರ್ಕ ಕೊಡುವುದು ಸಾಮಾನ್ಯ. ವಸತಿ, ರಜೆಯ ವಿಮಾನದ ಟಿಕೆಟು, ಕೆಲಸದ ವೀಸಾದ ಶುಲ್ಕ ಯಾರದ್ದು ಎಂಬುದು ಕರಾರಿನಲ್ಲಿ ಬರಹದಲ್ಲಿರಲಿ, ಇಲ್ಲದಿದ್ದರೆ ಸೇರಿಸಿಕೊಡಿ ಎಂದು ಕೇಳಲು ಹಿಂಜರಿಯಬೇಡಿ. ದ್ವೀಪದ ಹೆಸರು ತಿಳಿದ ಮೇಲೆ ಇಲ್ಲಿಯೇ ಬರೆದರೆ ಅಲ್ಲಿಗೆ ಹೋಗುವ ದೋಣಿ, ವಿಮಾನಗಳ ಬಗ್ಗೆ ನನಗೆ ತಿಳಿದಿರುವಷ್ಟನ್ನು ಹೇಳುತ್ತೇನೆ.