ಬೆದರಿಸಿದವರು ಬೇರೆ, ಕೇಸು ನಮ್ಮ ಮೇಲೆಯೇ?

ಪ್ರಶ್ನೆ: ನಮ್ಮದು ಹಡಪದ ಸಮಾಜ. ಹಳ್ಳಿಯಲ್ಲಿ ಕಟಿಂಗ್ ಅಂಗಡಿ ಇದೆ. ನಮ್ಮ ಜಾತಿ ಹೆಸರನ್ನೇ ಬೈಗುಳ ಮಾಡಿಕೊಂಡ ಊರಿದು. ದಲಿತರಿಗೆ ಕ್ಷೌರ ಮಾಡಿದರೆ ಅಂಗಡಿಗೆ ಬರುವುದಿಲ್ಲ, ಸುಗ್ಗಿಯ ಕಾಳೂ ಕೊಡುವುದಿಲ್ಲ ಎಂದು ದೊಡ್ಡ ಮನೆಯವರು ಹೆದರಿಸುತ್ತಾರೆ. ನಾವು ಹೇಗೆ ಅಪರಾಧಿಗಳು?
– ಹೆಸರು ಬೇಡ, ಗಂಗಾವತಿ ತಾಲ್ಲೂಕು

ಉತ್ತರ: ನಿಮಗಾಗುತ್ತಿರುವ ಅವಮಾನ ನಿಜ. ಆದರೆ ನಿಮ್ಮ ಬಾಗಿಲಿಂದ ತಲೆ ತಗ್ಗಿಸಿ ಹೋಗುವ ಹುಡುಗನಿಗೆ ಕಾಣುವವರು ನೀವು, ದೊಡ್ಡ ಮನೆಯವರಲ್ಲ. ಕಾನೂನೂ ಮೊದಲು ನಿಮ್ಮನ್ನೇ ಕೇಳುತ್ತದೆ. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸಿದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 6ನೇ ಕಲಮಿನಡಿ 1ರಿಂದ 6 ತಿಂಗಳ ಸೆರೆ, 100ರಿಂದ 500 ರೂಪಾಯಿ ದಂಡ. ಶಿಕ್ಷೆಯಾದರೆ ಅಂಗಡಿಯ ಪರವಾನಗಿಯೂ ರದ್ದಾಗಬಹುದು. ‘ಕರೆಂಟ್ ಇರಲಿಲ್ಲ, ಬ್ಲೇಡು ಮುಗಿದಿತ್ತು’ ಎಂಬ ನೆಪ ನಿಲ್ಲುವುದು ಕಷ್ಟ. ಬಂದವರು ಪರಿಶಿಷ್ಟ ಜಾತಿಯವರಾಗಿದ್ದರೆ ನಿರಾಕರಣೆಗೆ ಅಸ್ಪೃಶ್ಯತೆಯೇ ಕಾರಣವೆಂದು ನ್ಯಾಯಾಲಯ ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಹೊರೆ ನಿಮ್ಮದು. 1989ರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಡಿ ದಾಖಲಾದರೆ ಸೆರೆ 6 ತಿಂಗಳಿಂದ 5 ವರ್ಷ.

ಅಂಗಡಿ ಮುಚ್ಚಿ, ದೊಡ್ಡ ಮನೆಯ ಪಡಸಾಲೆಯಲ್ಲಿ ಕತ್ತರಿ ಆಡಿಸುವುದು ಪಾರಾಗುವ ದಾರಿ ಎಂದು ಊರಹಿರಿಯರು ಹೇಳಿಕೊಡುತ್ತಾರೆ. ಕೇಳಬೇಡಿ. ಅದೇ ನಿಮ್ಮ ವಿರುದ್ಧ ಗಟ್ಟಿ ಸಾಕ್ಷಿಯಾಗುತ್ತದೆ.

ನಿಮ್ಮ ತಾಲ್ಲೂಕಿನ ಮರಕುಂಬಿಯನ್ನೇ ನೋಡಿ. ಕ್ಷೌರದಂಗಡಿ, ಹೋಟೆಲ್ ಪ್ರವೇಶದ ತಕರಾರಿನ ಹಿನ್ನೆಲೆಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು (ಮುಂದಿನ ತಿಂಗಳು ಹೈಕೋರ್ಟ್‌ನಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು). ಇನ್ನು ಮೂವರಿಗೆ 5 ವರ್ಷ. ಅವರು ಪರಿಶಿಷ್ಟ ಸಮುದಾಯಗಳಿಗೇ ಸೇರಿದವರಾದ್ದರಿಂದ ದೌರ್ಜನ್ಯ ತಡೆ ಕಾಯ್ದೆ ಅವರಿಗೆ ಅನ್ವಯಿಸಲಿಲ್ಲ. ತಾವೂ ತುಳಿತ ಉಂಡವರು ಎಂಬುದು ಅವರನ್ನು ಶಿಕ್ಷೆಯಿಂದ ಬಿಡಿಸಲಿಲ್ಲ.

ಬೆದರಿಸಿದವರನ್ನೂ ಕಾನೂನಿನ ಮುಂದೆ ತರಬಹುದು, ಕುಮ್ಮಕ್ಕಿಗೂ ಶಿಕ್ಷೆಯಿದೆ. ಆದರೆ ಅವರ ಹೆಸರು ನೀವು ಬರೆದುಕೊಡಬೇಕು: ಯಾರು, ಯಾವ ದಿನ, ಯಾರೆದುರು, ಯಾವ ಮಾತಿನಲ್ಲಿ ಹೆದರಿಸಿದರು. ‘ಊರವರು ಬೇಡ ಅಂದರು’ ಎಂದಷ್ಟೇ ಬರೆದ ದೂರು ಯಾರನ್ನೂ ಮುಟ್ಟುವುದಿಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ಠಾಣೆಯ ಮುದ್ರೆ ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಸ್ಪೀಡ್ ಪೋಸ್ಟ್ ಮಾಡಿ. ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ನಿಮ್ಮ ಸಮಾಜದವರೇ ಹೊರಗಿಟ್ಟರೆ 1955ರ ಕಾಯ್ದೆಯ 7(2)ನೇ ಕಲಂ ನಿಮ್ಮ ಪರ ಇದೆ.

ಒಬ್ಬರೇ ಶುರು ಮಾಡಿದರೆ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುತ್ತಾರೆ, ನಿಮ್ಮ ಹೊಟ್ಟೆಗೆ ಹೊಡೆತ ಬೀಳುತ್ತದೆ. ಊರಿನ ಕಟಿಂಗ್ ಅಂಗಡಿಯವರೆಲ್ಲ ಕೂಡಿ, ತಹಶೀಲ್ದಾರ್ ಮತ್ತು ಪಿಎಸ್‌ಐ ಎದುರಿಗೆ, ಒಂದೇ ದಿನ ಎಲ್ಲರಿಗೂ ಕುರ್ಚಿ ಬಿಡಿ.