ಬೂನ್ ಜೊತೆಗೂಡುವುದು ಹೇಗೆ?

ಪ್ರಶ್ನೆ: ‘ಫಾಲ್‌ಔಟ್: ನ್ಯೂ ವೇಗಸ್’ ವಿಡಿಯೊ ಆಟದಲ್ಲಿ ನೋವ್ಯಾಕ್ ಊರಿನ ಕಾವಲುಗಾರ ಬೂನ್ ನನ್ನೊಡನೆ ಬರುತ್ತಿಲ್ಲ. ಏನು ಮಾಡಬೇಕು?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: 2010ರ ಈ ಆಟದಲ್ಲಿ ನನ್ನನ್ನು ಅತ್ಯಂತ ಕಾಡಿದ ಪಾತ್ರ ಬೂನ್‌ನದು, ಅವನ ಹೆಂಡತಿಯನ್ನು ಅದೇ ಊರಿನವರೊಬ್ಬರು ಲೀಜನ್ ಪಡೆಗೆ ಗುಲಾಮಳಾಗಿ ಮಾರಿದ್ದಾರೆ. ರಾತ್ರಿ ಅವನು ಡೈನೋಸಾರ್ ಪ್ರತಿಮೆಯ ಬಾಯೊಳಗೆ ಕಾವಲಿಗೆ ನಿಂತಿರುವಾಗ ಮಾತನಾಡಿಸಿ, ಮೋಟೆಲಿನ ಕಚೇರಿಯ ತಿಜೋರಿಯಲ್ಲಿರುವ ಮಾರಾಟಪತ್ರವನ್ನು ಓದಿ, ತಪ್ಪಿತಸ್ಥರನ್ನು ಪ್ರತಿಮೆಯ ಮುಂದಕ್ಕೆ ಕರೆತಂದು, ಅವನು ಕೊಟ್ಟ ಕೆಂಪು ಟೋಪಿಯನ್ನು ತಲೆಗೆ ಧರಿಸಿದರೆ ಅದೇ ಅವನಿಗೆ ಗುಂಡು ಹಾರಿಸಲು ಸನ್ನೆ. ಆ ತಪ್ಪಿತಸ್ಥರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಪತ್ರ ತೆರೆಯುವ ಕ್ಷಣ ನಿಮ್ಮದಾಗಬೇಕು. ಬಳಿಕ ಮರಳಿ ಹೋಗಿ ಅವನನ್ನು ಜೊತೆಗೆ ಬರುವಂತೆ ಕೇಳಿರಿ. ಲೀಜನ್‌ನವರನ್ನು ಕಂಡೊಡನೆ ಅವನು ಗುಂಡು ಹಾರಿಸುತ್ತಾನೆ. ಅವರೊಡನೆ ಮಾತುಕತೆಯಿದ್ದಲ್ಲಿಗೆ ಅವನನ್ನು ಕರೆದೊಯ್ಯಬೇಡಿರಿ.